ಯಶೋದಾ ಸತ್ತಿಲ್ಲ, ಸ್ವಾಮಿ

ವಿಶ್ವವಿದ್ಯಾಲಯದ ಮೌಲ್ಯಮಾಪನ ವಿಭಾಗದ ಮಾನ್ಯ ಕುಲಸಚಿವರೇ,

ನಿಮ್ಮ ಮೌಲ್ಯಮಾಪಕರು ಒಂದು ಕಾದಂಬರಿಯನ್ನು ತಾವು ಓದದೆ, ಅದನ್ನು ಓದಿದ ಒಬ್ಬ ಹೆಣ್ಣುಮಗಳನ್ನು ಫೇಲು ಮಾಡಿದರು. ಮರುವರ್ಷ ಆಕೆ ಅದೇ ಕಾದಂಬರಿಯ ಬಗ್ಗೆ ಹಸಿ ಸುಳ್ಳು ಬರೆದಾಗ ಎಂಬತ್ತಕ್ಕೆ ಅರವತ್ತೆಂಟು ಕೊಟ್ಟರು. ಆ ಸುಳ್ಳನ್ನು ಮೊಟ್ಟಮೊದಲು ಬರೆದವನು ನಾನು. ಈ ಮೂರು ವಾಕ್ಯ ನನ್ನ ದೂರಿನ ಸಾರಾಂಶ. ನಿಮ್ಮ ಕಚೇರಿಯ ಪದ್ಧತಿಯಂತೆ ಇಷ್ಟಕ್ಕೇ ಪೂರ್ಣಾಂಕ ಕೊಟ್ಟು ಪತ್ರವನ್ನು ಕಟ್ಟಿಡಬಹುದು. ಮುಂದೆ ಬರುವುದು ವಿಶ್ಲೇಷಣೆ. ಅದಕ್ಕೆ ನಿಮ್ಮಲ್ಲಿ ಅಂಕ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತು.

ನಾನು ಮೂಡಿಗೆರೆಯಲ್ಲಿ ಮೂವತ್ತೊಂದು ವರ್ಷದಿಂದ ಪುಸ್ತಕದ ಅಂಗಡಿ ಇಟ್ಟಿದ್ದೇನೆ. ಪುಸ್ತಕದ ಅಂಗಡಿ ಎಂದರೆ ನೋಟ್‌ಬುಕ್ಕು, ಜ್ಯಾಮಿಟ್ರಿ ಬಾಕ್ಸು, ಮಳೆಗಾಲಕ್ಕೆ ಕೊಡೆ, ಮತ್ತು ವರ್ಷವಿಡೀ ಗೈಡು. ಪದವಿ ತರಗತಿಯ ಕನ್ನಡ ಪಠ್ಯಗಳಿಗೆ ಗೈಡು ಬರೆಯುವವನೂ ನಾನೇ. ಚಿಕ್ಕಮಗಳೂರಿನ ಪ್ರೆಸ್ಸೊಂದರಲ್ಲಿ ಅಚ್ಚು ಹಾಕಿಸಿ ಕಳಸ, ಕೊಪ್ಪದವರೆಗೂ ಬಸ್ಸಿನಲ್ಲಿ ಕಳಿಸುತ್ತಿದ್ದೆ. ಪಿಯುಸಿ ದಾಟದ ಮಲ್ಲಿಕಾರ್ಜುನಪ್ಪ ಬರೆದ ಗೈಡನ್ನು ಯಾರು ಕೊಳ್ಳುತ್ತಾರೆ? ಅದಕ್ಕೆ ಮುಖಪುಟದ ಮೇಲೆ ‘ಪ್ರೊ. ಶಿವಯ್ಯ’ ಎಂದು ಹಾಕಿಸಿದೆ. ಶಿವಯ್ಯ ನನ್ನ ತಾತ. ಬೆಲ್ಲದ ವ್ಯಾಪಾರ ಮಾಡುತ್ತಿದ್ದರು. ಸಹಿ ಹಾಕುವಷ್ಟು ಅಕ್ಷರ ಬರುತ್ತಿತ್ತು. ಅವರನ್ನು ಪ್ರೊಫೆಸರ್ ಮಾಡಿದ ಅಪರಾಧ ನನ್ನದು. ಆ ನೇಮಕಾತಿಯನ್ನು ಅನುಮೋದಿಸಿದ ಕೀರ್ತಿ ಯಾರದೆಂದು ಮುಂದೆ ಹೇಳುತ್ತೇನೆ.

ನಿಮ್ಮ ಬಿ.ಎ. ಅಂತಿಮ ವರ್ಷಕ್ಕೆ ‘ಕೃತಿ ವಿಮರ್ಶೆ’ ಎಂಬ ಪತ್ರಿಕೆ ಇದೆ. ಅದಕ್ಕೆ ‘ಹತ್ತನೇ ಬ್ಲಾಕು’ ಎಂಬ ಕಾದಂಬರಿ ಪಠ್ಯ. ಗಣಿ ಕಂಪನಿಯೊಂದು ಮುಚ್ಚಿದ ಮೇಲೆ ಅದರ ನೌಕರರ ಊರು ಮನೆಮನೆಯಾಗಿ ಖಾಲಿಯಾಗುವ ಕಥೆ. ಕಂಪನಿ ಶಾಲೆಯ ಆಯಾ ಯಶೋದಾ ಅದರ ನಾಯಕಿ. ಗೈಡು ಬರೆಯಲು ನನಗೆ ಸಿಕ್ಕಿದ್ದು ಒಂದು ಹಳೇ ಪ್ರತಿ; ಹೊಲಿಗೆ ಬಿಟ್ಟು ಕೊನೆಯ ಹದಿನಾರು ಪುಟ ಉದುರಿಹೋಗಿದ್ದವು. ನನ್ನ ಪ್ರತಿ ಮುಗಿಯುವಲ್ಲಿ, ಎಲ್ಲರೂ ಊರು ಬಿಟ್ಟ ಸಂಜೆ ಯಶೋದಾ ಒಬ್ಬಳೇ ಕೆರೆಯ ಕಡೆ ನಡೆದು ಹೋಗುತ್ತಾಳೆ. ಒಂಟಿ ಹೆಂಗಸು, ಸಂಜೆ ಹೊತ್ತು, ಕೆರೆ. ಇನ್ನೇನಾಗಲು ಸಾಧ್ಯ? ನಾನು ಬರೆದೆ: ‘ಗಿಣಿಗಾರಿಕೆ ನಿಂತ ಮೇಲೆ ಬದುಕಿನಲ್ಲಿ ಭರವಸೆ ಕಳೆದುಕೊಂಡ ಯಶೋದಾ ಕೆರೆಗೆ ಹಾರಿ ಪ್ರಾಣ ಬಿಡುತ್ತಾಳೆ. ಹೀಗೆ ಕಾದಂಬರಿಯು ದುರಂತದಲ್ಲಿ ಮುಕ್ತಾಯವಾಗುತ್ತದೆ.’ ನಾನು ಬರೆದುಕೊಟ್ಟಿದ್ದು ಗಣಿಗಾರಿಕೆ ಎಂದೇ. ಪ್ರೆಸ್ಸಿನವನು ಗಕಾರಕ್ಕೆ ಒಂದು ಗುಡಿಸು ಹೆಚ್ಚಿಗೆ ಕೊಟ್ಟ. ಪ್ರೂಫ್ ನೋಡುವಷ್ಟು ಪುರುಸೊತ್ತು ಪ್ರೊ. ಶಿವಯ್ಯನವರಿಗೆ ಇರಲಿಲ್ಲ.

ಈಗ ಶಿಲ್ಪಾಳ ವಿಷಯ. ಬಾಳೂರಿನ ಎಸ್ಟೇಟೊಂದರಲ್ಲಿ ಆಕೆ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಯಾರು ಯಾವ ಕೆಲಸಕ್ಕೆ ಹೋದರೆಂದು ಬರೆದಿಡುವುದು ಅವಳ ಕೆಲಸ. ವಯಸ್ಸು ಇಪ್ಪತ್ತೆಂಟು. ಚಿಕ್ಕಂದಿನಲ್ಲಿ ಇದ್ದದ್ದು ಕುದುರೆಮುಖದಲ್ಲಿ. ಅಪ್ಪ ಅಲ್ಲಿ ಲಾರಿ ಡ್ರೈವರ್. ಗಣಿ ನಿಂತಾಗ ಅವಳಿಗೆ ಎಂಟು ವರ್ಷ. ಆಮೇಲೆ ಊರೂರು ಅಲೆದು, ಓದು ಪಿಯುಸಿಗೆ ನಿಂತು, ಆರು ವರ್ಷದ ಮೇಲೆ ಟೀಚರಾಗಬೇಕೆಂಬ ಆಸೆಯಿಂದ ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದಳು. ಅಂತಿಮ ವರ್ಷದ ಪುಸ್ತಕ ಕೇಳಿಕೊಂಡು ನನ್ನ ಅಂಗಡಿಗೆ ಬಂದಾಗ ನಾನು ಗೈಡು ತೆಗೆದು ಮುಂದಿಟ್ಟೆ.

“ಇಷ್ಟು ಸಾಕು ಮಾರಾಯ್ತಿ. ಇಪ್ಪತ್ತು ಪುಟ. ಓದಿದ್ರೆ ಪಾಸು.”

ಆಕೆ ತಿರುವಿ ನೋಡಿದಳು. “ಇದು ಪುಸ್ತಕದ ಬಗ್ಗೆ ಬರ್ದಿದ್ದಲ್ವಾ ಅಣ್ಣ? ನಂಗೆ ಪುಸ್ತಕನೇ ಬೇಕು.”

“ಪುಸ್ತಕ ಓದ್ಕೊಂಡು ಯಾರು ಪರೀಕ್ಷೆ ಬರೀತಾರೆ?”

“ಮತ್ತೆ ಪರೀಕ್ಷೆ ಯಾತಕ್ಕೆ ಇಡೋದು?”

ಈ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ತಿಳಿಸಿ. ಬೆಂಗಳೂರಿನಿಂದ ಹೊಸ ಪ್ರತಿ ತರಿಸಿಕೊಟ್ಟೆ. ಆಕೆ ಅದನ್ನು ಎರಡು ಸಲ ಓದಿದಳು. ಒಂದು ಭಾನುವಾರ ಸಂತೆಗೆ ಬಂದವಳು ಅಂಗಡಿ ಮುಂದೆ ನಿಂತು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು: “ಅಣ್ಣ, ಕುದುರೆಮುಖ ಬಿಡುವಾಗ ನಮ್ಮಮ್ಮ ಮನೆ ಎಲ್ಲಾ ತೊಳೆದ್ರು. ಯಾರೂ ತೊಳೀರಿ ಅಂತ ಹೇಳಿರ್ಲಿಲ್ಲ. ಈ ಕಥೆಲಿ ಯಶೋದಾ ಕಂಪನಿ ಆರ್ಡರ್ ಬಂತು ಅಂತ ತೊಳೀತಾಳೆ. ಎರಡೂ ಒಂದೇನಾ?” ನಾನು ತಲೆ ಆಡಿಸಿದೆ. ಯಶೋದಾ ಏನು ತೊಳೆಯುತ್ತಾಳೆ, ಯಾವಾಗ ತೊಳೆಯುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದು ಆ ಹದಿನಾರು ಪುಟದೊಳಗೆ ಇತ್ತು.

ಪರೀಕ್ಷೆಯಲ್ಲಿ ನೀವು ಕೇಳಿದ ದೊಡ್ಡ ಪ್ರಶ್ನೆ ಹೀಗಿತ್ತು: ‘ಹತ್ತನೇ ಬ್ಲಾಕು ಕಾದಂಬರಿಯ ಅಂತ್ಯದ ಹಿನ್ನೆಲೆಯಲ್ಲಿ ಯಶೋದಾಳ ಪಾತ್ರವನ್ನು ವಿಶ್ಲೇಷಿಸಿ.’ ಗಮನಿಸಿ, ವಿಶ್ಲೇಷಿಸಿ. ಆ ಕ್ರಿಯಾಪದ ನಿಮ್ಮದು. ಪಾಪ, ಶಿಲ್ಪಾ ಅದನ್ನು ನಂಬಿಬಿಟ್ಟಳು. ಕಥೆ ನಿಮಗೆ ಗೊತ್ತಿರುತ್ತದೆ ಎಂದು ಭಾವಿಸಿ ಕಥೆ ಹೇಳುವ ಗೋಜಿಗೆ ಹೋಗಲಿಲ್ಲ. ಉತ್ತರದ ಮೊದಲ ವಾಕ್ಯವೇ ಹೀಗಿದೆ: ‘ನಾಳೆ ಉರುಳಿಸುವ ಮನೆಯನ್ನು ಇವತ್ತು ತೊಳೆದುಕೊಡಿ ಎಂದು ಕಂಪನಿ ಏಕೆ ಕೇಳಿತು, ಯಶೋದಾ ಏಕೆ ತೊಳೆದಳು ಎಂಬ ಎರಡು ಪ್ರಶ್ನೆಗಳಲ್ಲಿ ಈ ಕಾದಂಬರಿ ಇದೆ.’ ಅಲ್ಲಿಂದ ಒಂಬತ್ತು ಪುಟ. ಮ್ಯಾನೇಜರನ ನಾಯಿಗೆ ಕಾದಂಬರಿಯಲ್ಲಿ ಹೆಸರಿದೆ, ಯಶೋದಾಳ ಗಂಡನಿಗೆ ಹೆಸರಿಲ್ಲ ಎಂದು ತೋರಿಸಿದ್ದಾಳೆ. ಯಶೋದಾ ಇಡೀ ಪುಸ್ತಕದಲ್ಲಿ ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ, ಅದೂ ಕೊನೆಯ ಪುಟದಲ್ಲಿ, ಬಸ್ ಹತ್ತಿದ ಮೇಲೆ ಕಂಡಕ್ಟರನಿಗೆ: ‘ಇದು ಎಲ್ಲಿವರೆಗೆ ಹೋಗುತ್ತೆ?’ ಆ ಪ್ರಶ್ನೆಯವರೆಗೆ ಆಕೆಯ ಎಲ್ಲ ಮಾತೂ ಉತ್ತರಗಳೇ ಎಂದು ಪುಟಸಂಖ್ಯೆ ಸಮೇತ ಬರೆದಿದ್ದಾಳೆ. ಕೊನೆಗೆ, ‘ಲೇಖಕರು ಈ ವಿಧೇಯತೆಯನ್ನು ನಿಷ್ಠೆ ಎಂದು ಮೆಚ್ಚುತ್ತಾರೆ. ನನಗೆ ಒಪ್ಪಿಗೆಯಿಲ್ಲ’ ಎಂದು ಮುಗಿಸಿದ್ದಾಳೆ. ತನ್ನ ಅಮ್ಮನ ಸುದ್ದಿಯನ್ನು ಒಂದಕ್ಷರ ಎತ್ತಿಲ್ಲ. ಪುಸ್ತಕದ ಹೊರಗಿನದು ಸಾಕ್ಷಿಯಾಗುವುದಿಲ್ಲ ಎಂಬ ಮರ್ಯಾದೆ ಆ ಎಸ್ಟೇಟ್ ರೈಟರ್‌ಗೆ ಇತ್ತು.

ಎಂಬತ್ತಕ್ಕೆ ಹತ್ತೊಂಬತ್ತು ಬಂತು. ಫೇಲು.

ಉತ್ತರಪತ್ರಿಕೆಯ ನಕಲು ತರಿಸಿದೆವು. ಅದನ್ನು ನನ್ನ ಗಲ್ಲಾದ ಮೇಲೆ ಬಿಚ್ಚಿದಾಗ ಕಂಡ ಕೆಂಪು ಶಾಯಿಯ ಬರಹಗಳನ್ನು ಹಾಗೇ ಕೊಡುತ್ತೇನೆ. ಮೊದಲ ಪುಟದಲ್ಲಿ: ‘ಕಥೆ ಬರೆದಿಲ್ಲ.’ ಐದನೆಯದರಲ್ಲಿ: ‘ಸ್ವಂತ ಅಭಿಪ್ರಾಯ ಬೇಡ.’ ಕೊನೆಯದರಲ್ಲಿ, ಎರಡು ಗೆರೆ ಎಳೆದು: ‘ತಪ್ಪು. ಯಶೋದಾ ಸಾಯುತ್ತಾಳೆ.’

ಶಿಲ್ಪಾ ಅಳಲಿಲ್ಲ. ಆಕೆಗೆ ನಿಜವಾಗಿ ಗೊಂದಲವಾಗಿತ್ತು. “ಎಲ್ಲಿ ಸತ್ಲು ಅಣ್ಣ? ನಂಗೆ ಕಾಣ್ಲೇ ಇಲ್ವಲ್ಲ. ನಾನು ಪುಟ ಬಿಟ್ಟು ಓದಿದ್ನಾ?” ಎಂದಳು. ತನ್ನ ಕಣ್ಣನ್ನೇ ಅನುಮಾನಿಸಿದಳು, ಸ್ವಾಮಿ; ನಿಮ್ಮ ಕೆಂಪು ಶಾಯಿಯನ್ನು ಅನುಮಾನಿಸಲಿಲ್ಲ. ನಾನು ಅವಳ ಪುಸ್ತಕ ಈಸಿಕೊಂಡು, ಆ ಹದಿನಾರು ಪುಟಗಳನ್ನು ಗಲ್ಲಾದ ಹಿಂದೆ ನಿಂತೇ ಓದಿದೆ. ಯಶೋದಾ ಕೆರೆಗೆ ಹೋಗುವುದು ಕೊಡಗಟ್ಟಲೆ ನೀರು ಹೊರಲಿಕ್ಕೆ. ಆ ನೀರಲ್ಲಿ ಬ್ಲಾಕಿನ ಮನೆಗಳನ್ನು ಒಂದೊಂದಾಗಿ ತೊಳೆಯುತ್ತಾಳೆ. ಸಾಹೇಬರು ಬಂದು ‘ಸರಿ ಇದೆ’ ಎಂದು ರುಜು ಹಾಕುತ್ತಾರೆ. ಮರುದಿನ ಮನೆ ಉರುಳಿಸುವ ಮಿಷನ್ನು ಬರುತ್ತದೆ, ಅವಳು ಬಸ್ ಹತ್ತುತ್ತಾಳೆ. ಒಳಗಿಂದ ಬಂದ ನನ್ನ ಹೆಂಡತಿ ವಿಶಾಲಾಕ್ಷಮ್ಮ ನನ್ನ ಮುಖ ನೋಡಿ ಏನಾಯ್ತೆಂದು ಕೇಳಿದರು. ಹೇಳಿದೆ. “ಪೂರ್ತಿ ಓದ್ದೇನೇ ಒಬ್ಬಳನ್ನ ಸಾಯಿಸಿಬಿಟ್ರಾ?” ಎಂದರು ಅವರು. ಮೂವತ್ತೊಂದು ವರ್ಷದಲ್ಲಿ ನನ್ನ ಗೈಡುಗಳ ಬಗ್ಗೆ ಬಂದ ಏಕೈಕ ವಿಮರ್ಶೆ ಅದು.

ಶಿಲ್ಪಾಳಿಗೆ ಸತ್ಯ ಹೇಳಲು ಆ ದಿನ ನನಗೆ ಧೈರ್ಯ ಬರಲಿಲ್ಲ. ಬದಲಿಗೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿಸಿದೆ. ಎರಡನೇ ಪಂಡಿತರು ಹದಿನೇಳು ಕೊಟ್ಟರು. ನಿಯಮದಂತೆ ಹೆಚ್ಚಿನ ಅಂಕವನ್ನೇ ಉಳಿಸಿಕೊಡಲಾಗಿದೆ ಎಂದು ನಿಮ್ಮ ಪತ್ರ ಬಂತು. ಈ ಔದಾರ್ಯವನ್ನು ನಾವು ಹೇಗೆ ಮರೆಯುವುದು? ಆ ವರ್ಷದ ಬಿ.ಎಡ್. ಸೀಟು ಅವಳಿಗೆ ತಪ್ಪಿತು. ಆಕೆ ಮತ್ತೆ ಬೆಳಿಗ್ಗೆ ಜೀಪು ಹತ್ತಿ ಹಾಜರಿ ಹಿಡಿಯಲು ಹೋದಳು.

ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಮೌಲ್ಯಮಾಪಕರಿಗೆ ನೀವು ಕೊಟ್ಟ ಮಾದರಿ ಉತ್ತರ ತರಿಸಿದೆ. ಅದರಲ್ಲಿ ಹತ್ತು ಅಂಶಗಳಿದ್ದವು. ಹತ್ತೂ ಕಥೆಯ ತುಣುಕುಗಳು. ಹತ್ತನೆಯದು: ‘ಗಿಣಿಗಾರಿಕೆ ನಿಂತ ಮೇಲೆ ಬದುಕಿನಲ್ಲಿ ಭರವಸೆ ಕಳೆದುಕೊಂಡ ಯಶೋದಾ ಕೆರೆಗೆ ಹಾರಿ ಪ್ರಾಣ ಬಿಡುತ್ತಾಳೆ.’ ಗುಡಿಸು ಸಮೇತ! ಕೆಳಗೆ ಸಣ್ಣಕ್ಷರದಲ್ಲಿ, ‘ಆಧಾರ: ಪ್ರೊ. ಶಿವಯ್ಯನವರ ವಿಮರ್ಶೆ.’ ನನ್ನ ತಾತ ಬದುಕಿದ್ದರೆ ಅವರನ್ನು ಕರೆಸಿ ನೀವು ಶಾಲು ಹೊದೆಸುತ್ತಿದ್ದಿರೋ ಏನೋ. ಒಂದು ವಿಶ್ವವಿದ್ಯಾಲಯ, ಅದರ ಪಠ್ಯ ಸಮಿತಿ, ಪ್ರಶ್ನೆಪತ್ರಿಕೆ ತಯಾರಿಸಿದವರು, ಪರಿಶೀಲಿಸಿದವರು, ಇಬ್ಬರು ಮೌಲ್ಯಮಾಪಕರು. ಇಷ್ಟು ಜನರಲ್ಲಿ ಯಾರೊಬ್ಬರೂ ಆ ಪುಸ್ತಕವನ್ನು ಕೊನೆಯವರೆಗೆ ಓದಿರಲಿಲ್ಲ. ನನಗಾದರೆ ಪುಟ ಉದುರಿತ್ತು ಎಂಬ ನೆಪ ಇದೆ. ನಿಮಗೆ ಉದುರಿದ್ದು ಏನು?

ಸಾರಾಂಶಕ್ಕೂ ವಿಶ್ಲೇಷಣೆಗೂ ಇರುವ ವ್ಯತ್ಯಾಸ ತಿಳಿಯಲು ಪಿಎಚ್.ಡಿ. ಬೇಕಿಲ್ಲ. ಬಾಳೂರಿನ ಹತ್ತಿರ ಎರಡು ಮಳೆಗಾಲದ ಹಿಂದೆ ಆಳುಗಳಿದ್ದ ಜೀಪೊಂದು ತಿರುವಿನಲ್ಲಿ ಮಗುಚಿತು. ಪುಣ್ಯಕ್ಕೆ ಕೈಕಾಲು ಮುರಿಯುವುದರಲ್ಲೇ ಮುಗಿಯಿತು. ಜೀಪು ಬಂತು, ತಿರುವಿತ್ತು, ಮಳೆಯಿತ್ತು, ಮಗುಚಿತು ಎಂದು ನಮ್ಮ ಅಂಗಡಿಗೆ ಬಂದವರೆಲ್ಲ ಹೇಳಿದರು. ಅದು ಸಾರಾಂಶ. ಅದೂ ಬೇಕು, ಅದನ್ನು ಸರಿಯಾಗಿ ಹೇಳಲೂ ಜೀಪು ಎಲ್ಲಿ ಬಿತ್ತೆಂದು ಹೋಗಿ ನೋಡಿರಬೇಕು. ಒಬ್ಬ ಹೆಂಗಸು ಮಾತ್ರ, ಪೆಟ್ಟಾದವರೆಲ್ಲ ಎಡಗಡೆ ಕೂತವರೇ ಯಾಕೆ ಎಂದು ಕೇಳಿದಳು. ವಿಚಾರಿಸಿದರೆ ಬಲಗಡೆಯ ಟಾರ್ಪಾಲು ಹರಿದಿತ್ತು, ನೆನೆಯಬಾರದೆಂದು ಎಲ್ಲರೂ ಎಡಕ್ಕೆ ಒತ್ತಿ ಕೂತಿದ್ದರು, ತಿರುವಿನಲ್ಲಿ ಭಾರ ಒಂದೇ ಕಡೆ ಬಿತ್ತು. ಇದು ವಿಶ್ಲೇಷಣೆ. ಏನಾಯಿತು ಎಂಬುದನ್ನು ಎಲ್ಲರ ಕಣ್ಣೂ ನೋಡಿತ್ತು. ಹೇಗೆ, ಯಾಕೆ ಎಂದು ಅವಳು ಕೇಳಿದ್ದರಿಂದ ಟಾರ್ಪಾಲು ಬದಲಾಯಿತು. ಆ ಹೆಂಗಸು ನಿಮ್ಮ ಪರೀಕ್ಷೆಗೆ ಕೂತಿದ್ದರೆ ‘ಜೀಪಿನ ಬಣ್ಣ ಬರೆದಿಲ್ಲ’ ಎಂದು ಎರಡು ಅಂಕ ಕಳೆಯುತ್ತಿದ್ದಿರಿ.

ನಾನು ನಿಮ್ಮನ್ನು ಖುದ್ದಾಗಿ ಭೇಟಿಯಾಗಿದ್ದೇನೆ. ತಮಗೆ ನೆನಪಿರಲಾರದು. ನಿಮ್ಮ ಮಾದರಿ ಉತ್ತರದ ಪ್ರಕಾರ ಆ ಭೇಟಿಯನ್ನು ಹೀಗೆ ಬರೆಯಬೇಕು: ಮಲ್ಲಿಕಾರ್ಜುನಪ್ಪನವರು ಮೂಡಿಗೆರೆಯಿಂದ ಬಸ್ಸಿನಲ್ಲಿ ಬಂದರು. ಎರಡೂವರೆ ಗಂಟೆ ಬೆಂಚಿನ ಮೇಲೆ ಕುಳಿತರು. ಕುಲಸಚಿವರು ನಾಲ್ಕು ನಿಮಿಷ ಮಾತನಾಡಿದರು. ಮಲ್ಲಿಕಾರ್ಜುನಪ್ಪನವರು ಹಿಂತಿರುಗಿದರು. ಹೀಗೆ ಭೇಟಿಯು ಸುಖಾಂತವಾಯಿತು. ಶಿಲ್ಪಾ ಬರೆದಿದ್ದರೆ ಬೇರೆ ಬರೆಯುತ್ತಿದ್ದಳು. ನಾನು ಕಾದಂಬರಿಯನ್ನು ನಿಮ್ಮ ಕೈಗೆ ಕೊಟ್ಟಾಗ ನೀವು ತೆರೆಯಲಿಲ್ಲ. ತಿರುಗಿಸಿ ಬೆನ್ನುಪುಟ ನೋಡಿದಿರಿ. ಕೊನೆಯ ಪುಟವನ್ನು ನಾನೇ ತೆಗೆದು ಹಿಡಿದಾಗ ಕನ್ನಡಕ ಹಾಕಿಕೊಳ್ಳದೆ “ಹೂಂ, ಹೌದೌದು” ಎಂದಿರಿ. “ಹಾಗಾದ್ರೆ ಮಾದರಿ ಉತ್ತರ ತಪ್ಪಲ್ವಾ ಸಾರ್?” ಎಂದು ಕೇಳಿದೆ.

“ನೋಡಿ ಇವರೇ, ಸ್ಕೀಮ್ ಒಂದು ಸಲ ಅಪ್ರೂವ್ ಆದ್ಮೇಲೆ ಅದೇ ಸರಿ. ಕಥೆ ಬರೆದಿದ್ರೆ ಪಾಸ್ ಆಗಿರೋರು. ಎಲ್ಲರೂ ವಿಶ್ಲೇಷಣೆ ಮಾಡ್ತಾ ಕೂತ್ರೆ ನಮ್ಮ ವ್ಯಾಲ್ಯುಯೇಷನ್ ಮುಗಿಯೋದು ಯಾವಾಗ?”

ಅದೇ ಕೊಠಡಿಯಲ್ಲಿ ನಾನು ಎದ್ದು ನಿಂತು, ‘ಪ್ರೊ. ಶಿವಯ್ಯ ಅಂದ್ರೆ ನಾನೇ’ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಗೈಡಿನ ವ್ಯಾಪಾರ ನಿಲ್ಲುತ್ತದೆ ಎಂದು ಹೆದರಿದೆ. ನಿಮ್ಮ ಸೋಮಾರಿತನವನ್ನು ಬಯ್ಯುತ್ತಿರುವ ನಾನು ನನ್ನ ಹೇಡಿತನವನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಊರಿಗೆ ಬಂದು ಮಾಡಿದ್ದಿಷ್ಟೇ: ಮಿಕ್ಕಿದ್ದ ಗೈಡುಗಳ ಆ ಪುಟದಲ್ಲಿ ‘ತಿದ್ದುಪಡಿ: ಯಶೋದಾ ಸಾಯುವುದಿಲ್ಲ’ ಎಂದು ಒಂದೊಂದು ಚೀಟಿ ಅಂಟಿಸಿದೆ. ಮೊದಲು ಕೊಳ್ಳಲು ಬಂದ ಹುಡುಗಿ ಚೀಟಿ ಓದಿ ಪುಸ್ತಕ ವಾಪಸು ಕೊಟ್ಟಳು. “ಅಂಕಲ್, ಚೀಟಿ ಇಲ್ಲದ್ದು ಕೊಡಿ. ಸ್ಕೀಮಲ್ಲಿ ಸಾಯ್ತಾಳೆ.”

ಮುಂದಿನ ಪರೀಕ್ಷೆಗೆ ಹದಿನೈದು ದಿನ ಇರುವಾಗ ಶಿಲ್ಪಾ ಅಂಗಡಿಗೆ ಬಂದಳು. “ಅಣ್ಣ, ಗೈಡು ಕೊಡಿ” ಎಂದಳು. ಅಂದು ನಾನು ಎಲ್ಲವನ್ನೂ ಹೇಳಿದೆ. ಗೈಡು ಬರೆದವನು ನಾನು, ಪುಟ ಉದುರಿತ್ತು, ಊಹಿಸಿ ಬರೆದೆ, ನಿನ್ನ ಒಂದು ವರ್ಷ ನನ್ನಿಂದ ಹೋಯಿತು ಎಂದೆ. ಬಯ್ಯುತ್ತಾಳೆಂದು ಕಾದೆ. ಆಕೆ ಗೈಡಿನ ಮುಖಪುಟದ ಹೆಸರಿನ ಮೇಲೆ ಬೆರಳಿಟ್ಟು, “ನೀವು ಮೊದಲೇ ಹೇಳಿದ್ರೆ ನಾನು ತಪ್ಪು ಓದಿದೆ ಅಂತ ಅಂದ್ಕೊಳ್ತಿರ್ಲಿಲ್ಲ ಅಣ್ಣ” ಎಂದಳು. ಇಡೀ ವರ್ಷ ಆಕೆ ಹಾಗೆ ಅಂದುಕೊಂಡಿದ್ದಳು. ಬೈಗುಳವಾಗಿದ್ದರೆ ನಾನು ಇಷ್ಟರಲ್ಲಿ ಮರೆತಿರುತ್ತಿದ್ದೆ.

ನೀವು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ್ದಿರಿ. ಹೊಸ ಪ್ರಶ್ನೆ ಹುಟ್ಟಬೇಕಾದರೆ ಪುಸ್ತಕ ತೆರೆಯಬೇಕಲ್ಲ. ಶಿಲ್ಪಾ ನಾನು ತರಿಸಿದ್ದ ಮಾದರಿ ಉತ್ತರದ ಹತ್ತು ಅಂಶಗಳನ್ನು ಕ್ರಮವಾಗಿ, ಅಂದವಾದ ಅಕ್ಷರದಲ್ಲಿ ಬರೆದಳು. ‘ಗಿಣಿಗಾರಿಕೆ’ ಎಂದೇ ಬರೆದಳು. ಈ ಪತ್ರಿಕೆಯ ನಕಲನ್ನೂ ಆಮೇಲೆ ತರಿಸಿ ನೋಡಿದೆವು; ಆ ಪದದ ಮೇಲೆ ನಿಮ್ಮವರು ಸರಿ ಗುರುತು ಹಾಕಿದ್ದಾರೆ. ಅಂಚಿನಲ್ಲಿ ‘ಉತ್ತಮ ವಿಶ್ಲೇಷಣೆ’ ಎಂದು ಬರೆದಿದ್ದಾರೆ. ಫಲಿತಾಂಶ ಬಂದ ದಿನ ಆಕೆ ಸಿಹಿ ತಂದಿದ್ದಳು, ಆದರೆ ಪೊಟ್ಟಣವನ್ನು ಗಲ್ಲಾದ ಮೇಲಿಟ್ಟು ಬಿಚ್ಚದೇ ನಿಂತಳು.

“ಯಶೋದಾನ ನಾನೇ ಕೆರೆಗೆ ತಳ್ಳಿದ ಹಾಗಾಯ್ತು ಅಣ್ಣ,” ಎಂದಳು. “ಬಿ.ಎಡ್. ಸೀಟು ಸಿಗುತ್ತೆ. ಟೀಚರೂ ಆಗ್ತೀನಿ. ಮಕ್ಕಳಿಗೆ ಯಾವುದು ಹೇಳಿಕೊಡ್ಲಿ? ಓದೋದಾ, ಪಾಸಾಗೋದಾ?”

ಇದಕ್ಕೆ ಉತ್ತರಿಸುವ ಯೋಗ್ಯತೆ ನನಗಿಲ್ಲ. ನಿಮಗಿದೆಯೇ? ಪುಸ್ತಕದ ಮುಂದೆ ಒಬ್ಬಳೇ ಕೂತು, ಯಾರ ಸಹಾಯವೂ ಇಲ್ಲದೆ, ಬರೆದವರ ಜೊತೆ ವಾದಕ್ಕಿಳಿಯುವ ಒಂದು ಮನಸ್ಸು ಬಾಳೂರಿನ ಎಸ್ಟೇಟಿನ ಲೈನ್ ಮನೆಯಲ್ಲಿ ತಾನಾಗಿ ಬೆಳೆದಿತ್ತು. ನೀವು ಅದಕ್ಕೆ ಗೊಬ್ಬರ ಹಾಕಿದವರಲ್ಲ, ನೀರೆರೆದವರಲ್ಲ. ಕಂಡ ಕೂಡಲೇ ಕಳೆ ಎಂದು ಕಿತ್ತಿರಿ. ಒಮ್ಮೆ ಕಿತ್ತಿದ್ದು ಸಾಲದೆಂದು ಮರುಮೌಲ್ಯಮಾಪನದಲ್ಲಿ ಬೇರು ಹುಡುಕಿ ಇನ್ನೆರಡು ಅಂಕ ಕಿತ್ತಿರಿ. ಕೊನೆಗೆ ಆಕೆ ಸುಳ್ಳು ಹೇಳಲು ಕಲಿತಾಗ ಬೆನ್ನು ತಟ್ಟಿದಿರಿ. ಇದನ್ನು ಪದವಿ ಎಂದು ಕರೆಯುತ್ತೀರಿ, ಘಟಿಕೋತ್ಸವ ಮಾಡಿ ನಿಲುವಂಗಿ ತೊಟ್ಟು ಹಂಚುತ್ತೀರಿ.

ಈ ಪತ್ರ ಬರೆಯುವ ಮೊದಲು ಶಿಲ್ಪಾಳ ಒಪ್ಪಿಗೆ ಕೇಳಿದೆ. ಮೊದಲು ಬೇಡವೆಂದಳು. ಪಾಸಾಗಿದೆಯಲ್ಲ, ಇನ್ನು ಯಾಕೆ ಎಂದಳು. ಒಂದು ವಾರ ಬಿಟ್ಟು ಫೋನು ಮಾಡಿದಳು. “ಬರೀರಿ ಅಣ್ಣ. ಆದ್ರೆ ನನ್ನ ಉತ್ರ ಸರಿ ಇತ್ತು ಅಂತ ಬರೀಬೇಡಿ. ಅದು ತಪ್ಪೂ ಇರ್ಬೋದು. ಓದಿ, ಆಮೇಲೆ ತಪ್ಪು ಅನ್ನಿ ಅಂತ ಬರೀರಿ.”

ಹಾಗಾಗಿ ನನ್ನ ಬೇಡಿಕೆಯೂ ಅಷ್ಟೇ. ಆಕೆಯ ಮೊದಲ ಉತ್ತರಪತ್ರಿಕೆಯ ನಕಲನ್ನೂ ಕಾದಂಬರಿಯ ಪೂರ್ಣ ಪ್ರತಿಯೊಂದನ್ನೂ ಇದರ ಜೊತೆ ಲಗತ್ತಿಸಿದ್ದೇನೆ. ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದ ಇಬ್ಬರನ್ನು ನಿಮ್ಮ ವಿಶ್ವವಿದ್ಯಾಲಯದಲ್ಲಿ ಹುಡುಕಿ. ಸಿಗದಿದ್ದರೆ ಇಬ್ಬರನ್ನು ಕೂರಿಸಿ ಓದಿಸಿ. ಆ ಒಂಬತ್ತು ಪುಟ ಅವರ ಮುಂದಿಡಿ. ಅವರು ಹತ್ತೊಂಬತ್ತೇ ಕೊಡಲಿ, ಹದಿನೇಳೇ ಕೊಡಲಿ, ಸೊನ್ನೆ ಬೇಕಾದರೂ ಕೊಡಲಿ. ಯಾಕೆ ಕೊಟ್ಟೆವು ಎಂದು ಒಂದು ಪುಟ ಬರೆದು, ಕೆಳಗೆ ತಮ್ಮ ನಿಜವಾದ ಹೆಸರು ಹಾಕಿ ಶಿಲ್ಪಾಳಿಗೆ ಕಳಿಸಲಿ. ಆ ಪುಟದಲ್ಲಿ ಕಥೆ ಹೇಳಕೂಡದು.

ಇಂತಿ,
ಬಿ.ಎ. ಓದದೆಯೇ ನಿಮ್ಮ ಬಿ.ಎ. ಉತ್ತರಗಳನ್ನು ಬರೆದುಕೊಟ್ಟ,
ಈವರೆಗೆ ಪ್ರೊ. ಶಿವಯ್ಯ, ಇಂದಿನಿಂದ ಬರೀ
ಮಲ್ಲಿಕಾರ್ಜುನಪ್ಪ
ಪುಸ್ತಕ ವ್ಯಾಪಾರಿ, ಮೂಡಿಗೆರೆ